ಅಂಗಾತ ಮಲಗುವವರ ಊರಿನಲ್ಲಿ

ಮಸ್ಕಿ ದಾಟುವ ರಸ್ತೆ

ನನ್ನ ಮನೆ ಲಿಂಗಸುಗೂರಿನಲ್ಲಿ, ನಾನು ಕೆಲಸ ಮಾಡುವ ಕಣ್ಣಾಸ್ಪತ್ರೆ ಸಿಂಧನೂರಿನಲ್ಲಿ, ನಡುವೆ ಮಸ್ಕಿ. ಹನ್ನೊಂದು ವರ್ಷದಿಂದ ಈ ರಸ್ತೆಯಲ್ಲಿ ಹೋಗಿ ಬಂದು ಬೆನ್ನು ಸವೆದಿದೆ. ಹೋದ ವರ್ಷ ಮೂರು ವಾರ ಹಾಲೆಂಡಿಗೆ ಹೋಗಿ ಬಂದೆ. ಅದನ್ನು ಬರೆಯಲು ಕುಳಿತರೆ ನೆನಪಾಗುವುದು ಮಸ್ಕಿಯ ಬಸ್‌ಸ್ಟ್ಯಾಂಡಿನಾಚೆ ಇರುವ ಒಂದು ರೊಟ್ಟಿ ಅಂಗಡಿ. ಹೋಗುವ ಮುಂಚಿನ ನಾಲ್ಕೈದು ತಿಂಗಳು ಆ ಅಂಗಡಿ ಹತ್ತಿರ ಬಂದಾಗಲೆಲ್ಲ ನಾನು ತಲೆ ತಗ್ಗಿಸಿ ಫೋನ್ ನೋಡುತ್ತಿದ್ದೆ. ಫೋನಿನಲ್ಲಿ ಏನೂ ಇರುತ್ತಿರಲಿಲ್ಲ.

ಅಲ್ಲಿ ಹುಲಿಗೆಮ್ಮ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ಅರವತ್ತರ ಆಸುಪಾಸಿನ ಹೆಂಗಸು. ಬೇರೆಲ್ಲೋ ಕ್ಯಾಟರಾಕ್ಟ್ ಆಪರೇಷನ್ ಮಾಡಿಸಿಕೊಂಡ ಮೇಲೆ ಎರಡೂ ಕಣ್ಣಿನ ಕರಿಗುಡ್ಡೆ ನೀರು ತುಂಬಿ ಊದಿ, ಬೆಳ್ಳಗಾಗಿ, ನನ್ನ ಹತ್ತಿರ ಬಂದಿದ್ದಳು. ಕಣ್ಣಿನ ಮುಂಭಾಗದ ಗಾಜಿನಂಥ ಪದರಕ್ಕೆ ಕಾರ್ನಿಯಾ ಅನ್ನುತ್ತೇವೆ. ಅದರ ಒಳಮೈಗೆ ಅಂಟಿಕೊಂಡ ಒಂದು ತೆಳುಪೊರೆ ಹಗಲೂ ರಾತ್ರಿ ನೀರನ್ನು ಆಚೆ ತಳ್ಳುತ್ತಿರುತ್ತದೆ. ಆ ಪೊರೆ ಸೋತರೆ ಕಣ್ಣು ಮಂಜಾಗುತ್ತದೆ.

ಹಳೆಯ ಪದ್ಧತಿಯಲ್ಲಿ ಇಡೀ ಕಾರ್ನಿಯಾ ಕತ್ತರಿಸಿ ತೆಗೆದು, ತೀರಿಕೊಂಡವರು ದಾನ ಮಾಡಿದ ಕಾರ್ನಿಯಾ ಕೂಡಿಸಿ ಸುತ್ತಲೂ ಹೊಲಿಗೆ ಹಾಕುತ್ತೇವೆ. ನೋಟ ನೆಟ್ಟಗಾಗಲು ವರ್ಷ ಹಿಡಿಯುತ್ತದೆ. ಹೊಸ ಪದ್ಧತಿಯಲ್ಲಿ ಆ ಪೊರೆಯೊಂದನ್ನೇ ಬದಲಿಸುವುದು. ಹೊಲಿಗೆ ಬೇಡ. ಪೊರೆಯ ಕೆಳಗೆ ಗಾಳಿಯ ಗುಳ್ಳೆ ಬಿಡುತ್ತೇವೆ, ಗುಳ್ಳೆ ಮೇಲಕ್ಕೆ ಒತ್ತಿ ಪೊರೆಯನ್ನು ಹಿಡಿದುಕೊಳ್ಳುತ್ತದೆ. ಅದಕ್ಕಾಗಿ ರೋಗಿ ಮೂರು ದಿನ ಮುಖ ಮೇಲೆ ಮಾಡಿ ಅಂಗಾತ ಮಲಗಿರಬೇಕು. ಅಂಟಿತೆಂದರೆ ತಿಂಗಳೊಳಗೆ ಕಣ್ಣು ಕಾಣುತ್ತದೆ.

ನಾನು ಮಾಡಿದ ಮೊದಲ ಒಂಬತ್ತರಲ್ಲಿ ನಾಲ್ಕು ಅಂಟಲಿಲ್ಲ. ಹುಲಿಗೆಮ್ಮನ ಬಲಗಣ್ಣು ಅವುಗಳಲ್ಲೊಂದು. ಎರಡು ಸಲ ಮತ್ತೆ ಗಾಳಿ ಬಿಟ್ಟೆ, ಎರಡು ಸಲವೂ ಕಳಚಿಕೊಂಡಿತು. ಪದೇ ಪದೇ ಕೈ ಹಾಕಿಸಿಕೊಂಡು ಆ ಕಣ್ಣು ದಣಿದು ಕೂತುಬಿಟ್ಟಿತು. ಈಗ ಅದಕ್ಕೆ ಬೆಳಕು, ಕತ್ತಲೆ ಅಷ್ಟೇ ಗೊತ್ತು. ಎಡಗಣ್ಣೂ ಅದೇ ದಾರಿ ಹಿಡಿದಿತ್ತು. ಹಂಚಿನ ಅಂಚು ತಿಳಿಯದೆ ಆಕೆ ಬೆರಳು ಸುಟ್ಟುಕೊಂಡ ಸುದ್ದಿ ನನ್ನ ಕಿವಿಗೆ ಬಿದ್ದಿತ್ತು. ಉಳಿದ ಆ ಒಂದು ಕಣ್ಣಿಗೆ ಏನು ಮಾಡಬೇಕು ಅನ್ನುವುದು ನನಗೆ ತಿಳಿದಿರಲಿಲ್ಲ.

ಈ ಹೊಸದರ ಸಹವಾಸವೇ ಸಾಕು ಎಂದು ನಮ್ಮ ಆಸ್ಪತ್ರೆಯ ಹಿರಿಯ ಡಾಕ್ಟರಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಬಿಡುವುದಿದ್ದರೆ ಪೂರ್ತಿ ಕಲಿತ ಮೇಲೆ ಬಿಡಿ, ಅರ್ಧಕ್ಕೆ ಬಿಟ್ಟರೆ ಕಳೆದ ನಾಲ್ಕು ಕಣ್ಣು ಯಾತಕ್ಕೂ ಬರಲಿಲ್ಲ ಅಂದ ಹಾಗಾಗುತ್ತದೆ ಎಂದರು. ಅವರೇ ಪತ್ರ ಬರೆದು ಹಾಲೆಂಡಿನ ಉಟ್ರೆಕ್ಟ್ ಎಂಬ ಊರಿನ ಒಂದು ಕಣ್ಣಾಸ್ಪತ್ರೆಯಲ್ಲಿ ನನಗೆ ಜಾಗ ಮಾಡಿಕೊಟ್ಟರು.

ಉಟ್ರೆಕ್ಟ್, ಮೊದಲ ವಾರ

ನನಗಿಂತ ಮೊದಲು ನನ್ನ ಸೂಟ್‌ಕೇಸು ಆ ಊರಿಗೆ ಪರಿಚಯವಾಯಿತು. ಅಕ್ಕ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಪುಡಿಯ ಪೊಟ್ಟಣ ಒಳಗೇ ಒಡೆದು, ಬಿಳಿಕೋಟು, ಸ್ವೆಟರು, ಪಾಸ್‌ಪೋರ್ಟಿನ ಚೀಲ, ಎಲ್ಲಕ್ಕೂ ಬೆಳ್ಳುಳ್ಳಿ ಮೆತ್ತಿಕೊಂಡಿತ್ತು. ಮೊದಲ ದಿನ ಆಸ್ಪತ್ರೆಯ ಲಿಫ್ಟಿನಲ್ಲಿ ನನ್ನ ಜೊತೆ ನಿಂತ ಇಬ್ಬರು ಮೂಗರಳಿಸಿ, ಇಂದು ಕ್ಯಾಂಟೀನಿನಲ್ಲಿ ಏನೋ ಒಳ್ಳೆಯದಿದೆ ಎಂದು ಮಾತಾಡಿಕೊಂಡರಂತೆ. ಆಮೇಲೆ ನನಗೆ ಇದನ್ನು ಹೇಳಿದವರು ನನ್ನ ಗುರು ಯೂಪ್. ಹೇಳುವಾಗ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕ್ಯಾಂಟೀನಿನಲ್ಲಿ ಇದ್ದದ್ದು ತಣ್ಣಗಿನ ಬ್ರೆಡ್ಡು, ಚೀಸು, ಒಂದು ಲೋಟ ಹಾಲು. ಅಷ್ಟು ಎತ್ತರದ ಜನ ಮಧ್ಯಾಹ್ನ ಅದನ್ನು ತಿಂದು ಸಂಜೆವರೆಗೆ ಹೇಗೆ ನಿಲ್ಲುತ್ತಾರೋ ನನಗಂತೂ ತಿಳಿಯಲಿಲ್ಲ.

ನನ್ನ ಕೋಣೆ ಒಂದು ಮನೆಯ ಅಟ್ಟದಲ್ಲಿತ್ತು. ಮೆಟ್ಟಿಲನ್ನು ಅವರು ಮೆಟ್ಟಿಲು ಅನ್ನುತ್ತಿದ್ದರು, ನಮ್ಮಲ್ಲಿ ಅದಕ್ಕೆ ಏಣಿ ಅನ್ನುತ್ತೇವೆ. ಸೀರೆ ಎತ್ತಿ ಹಿಡಿದು ನಾಲ್ಕು ಕಾಲಿನಲ್ಲಿ ಹತ್ತಿ ಇಳಿದು ಎರಡೇ ದಿನಕ್ಕೆ ಮೊಣಕಾಲು ಹಿಡಿದುಕೊಂಡಿತು. ಮೂರನೇ ದಿನದಿಂದ ಸೀರೆ ಬಿಟ್ಟು ಮಗಳ ಚೂಡಿದಾರ ಹಾಕಿಕೊಂಡೆ. ರಸ್ತೆಯಲ್ಲಿ ಕೆಂಪು ಬಣ್ಣದ ಪಟ್ಟಿ ಸೈಕಲ್ಲಿನವರದಂತೆ. ಅದು ತಿಳಿಯದೆ ಅದರ ಮೇಲೆ ನಿಂತು ಮೋಡ ನೋಡುತ್ತಿದ್ದೆ, ಹಿಂದಿನಿಂದ ಬಂದ ಅಜ್ಜಿಯೊಬ್ಬಳು ಗಂಟೆ ಬಾರಿಸಿ, ಇಳಿದು, ಪೂರ್ತಿ ಒಂದು ನಿಮಿಷ ಬೈದು, ಶುಭದಿನ ಹೇಳಿ ಹೋದಳು. ನಮ್ಮ ಸಿಂಧನೂರಿನ ಗಾಂಧಿ ಸರ್ಕಲ್ಲಿನಲ್ಲಿ ಎಮ್ಮೆ ಅಡ್ಡ ಬಂದರೂ ಯಾರೂ ಅಷ್ಟು ಶ್ರದ್ಧೆಯಿಂದ ಬೈಯುವುದಿಲ್ಲ.

ಊರ ತುಂಬ ಕಾಲುವೆ. ಗೊರೇಬಾಳ, ತುರ್ವಿಹಾಳದ ಕಡೆಯವರಿಗೆ ತೋರಿಸಬೇಕು ಅನಿಸಿತು. ನಮ್ಮಲ್ಲಿ ಕಾಲುವೆಗೆ ನೀರು ಬಂತೋ ಇಲ್ಲವೋ ಎಂದು ಕಾಯುತ್ತಾರೆ, ಕೊನೆಯ ಹೊಲಕ್ಕೆ ಮುಟ್ಟಲಿಲ್ಲವೆಂದು ಹೊಡೆದಾಡುತ್ತಾರೆ. ಇಲ್ಲಿ ನೀರನ್ನು ಎತ್ತಿ ಎತ್ತಿ ಸಮುದ್ರಕ್ಕೆ ಹಾಕದಿದ್ದರೆ ಊರೇ ಊದಿಕೊಳ್ಳುತ್ತದಂತೆ. ಅದನ್ನು ಕೇಳಿದಾಗಲೂ ನನಗೆ ಹುಲಿಗೆಮ್ಮನ ಕಣ್ಣೇ ನೆನಪಾಯಿತು. ಎಲ್ಲಿ ಹೋದರೂ ಬಿಡುವು ಇರಲಿಲ್ಲ.

ಯೂಪ್ ಅವರ ಕೋಣೆ

ಯೂಪ್ ಅವರಿಗೆ ಅರವತ್ತೆರಡು. ಅಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಾರೆ, ಕಸ ಗುಡಿಸುವ ಹುಡುಗಿ ಕೂಡ. ನನ್ನ ಬಾಯಲ್ಲಿ ವಾರಗಟ್ಟಲೆ ಸರ್ ಬಿಟ್ಟು ಬೇರೆ ಮಾತು ಹೊರಡಲಿಲ್ಲ. ಸರ್ ಅಂದಾಗಲೆಲ್ಲ ಅವರು ಹಿಂದೆ ಯಾರಾದರೂ ನಿಂತಿದ್ದಾರೋ ಎಂದು ತಿರುಗಿ ನೋಡುತ್ತಿದ್ದರು.

ಕಸಿಗೆ ಬಾರದ ದಾನದ ಕಣ್ಣುಗಳ ಮೇಲೆ ದಿನಕ್ಕೆ ಐದಾರು ಗಂಟೆ ಅಭ್ಯಾಸ. ಉಳ್ಳಾಗಡ್ಡಿಯ ಎರಡು ಪದರದ ನಡುವೆ ಒಂದು ತೆಳುಪೊರೆ ಇರುತ್ತದಲ್ಲ, ಅದಕ್ಕಿಂತ ಎಷ್ಟೋ ಪಾಲು ತೆಳ್ಳನೆಯದನ್ನು ಹರಿಯದಂತೆ ಬಿಡಿಸಬೇಕು. ಬಿಡಿಸಿದ ಕೂಡಲೇ ಅದು ಸುರುಳಿ ಸುತ್ತಿಕೊಳ್ಳುತ್ತದೆ. ನೀಲಿ ಬಣ್ಣ ಹಚ್ಚಿ, ಕಣ್ಣೊಳಗೆ ಬಿಟ್ಟು, ಕೈಯಿಂದ ಮುಟ್ಟದೆ ಹೊರಗಿನಿಂದ ಮೆಲ್ಲಗೆ ತಟ್ಟಿ ತಟ್ಟಿ ಬಿಚ್ಚಬೇಕು. ತಲೆಕೆಳಗಾದರೆ ಮುಗಿಯಿತು.

ನಾನು ಊರಿನಿಂದ ತಂದಿದ್ದ ನನ್ನ ಆಪರೇಷನ್ನುಗಳ ವಿಡಿಯೋಗಳನ್ನು ಯೂಪ್ ಒಂದೊಂದಾಗಿ ನೋಡಿದರು. ಹುಲಿಗೆಮ್ಮನದು ಬಂದಾಗ ನಾನು ಕಿಟಕಿ ಕಡೆ ಹೋಗಿ ನಿಂತೆ. ಅವರು ಕರೆದು ಕೂರಿಸಿಕೊಂಡರು. ಪೊರೆಯ ಮಗ್ಗುಲು ಸರಿಯಾಗಿದೆ, ಆದರೆ ಬಿಚ್ಚಲು ಬಹಳ ಹೊತ್ತು ತೆಗೆದುಕೊಂಡಿದ್ದೀಯ, ಮುಟ್ಟಬಾರದ ಕಡೆ ಮುಟ್ಟಿದ್ದೀಯ, ಮುಟ್ಟಿದಷ್ಟೂ ಅದು ಸಾಯುತ್ತದೆ ಎಂದರು. ಆಮೇಲೆ ಕಪಾಟಿನಿಂದ ಒಂದು ಹಳೆಯ ವಹಿ ತೆಗೆದು ನನ್ನ ಮುಂದಿಟ್ಟರು. ಅವರು ಹೊಸದಾಗಿ ಕಲಿತ ವರ್ಷದ್ದು. ಒಂದೊಂದು ಕಣ್ಣಿಗೂ ಒಂದೊಂದು ಸಾಲು, ಕೆಟ್ಟದ್ದಕ್ಕೆ ಯಾಕೆ ಕೆಟ್ಟಿತು ಎಂಬ ಒಂದು ಮಾತು. ಬಹಳ ಸಾಲುಗಳಲ್ಲಿ ಒಂದೇ ಮಾತಿತ್ತು. ನನ್ನ ಕೈ, ಅಷ್ಟೇ. ಅದನ್ನು ಓದಿ ನನಗೆ ಧೈರ್ಯವೇನೂ ಬರಲಿಲ್ಲ, ಇನ್ನಷ್ಟು ಸುಸ್ತಾಯಿತು.

ಮರುದಿನ ನಡೆದದ್ದನ್ನು ಊರಿನಲ್ಲಿ ಯಾರಿಗೆ ಹೇಳಿದರೂ ನಂಬುವುದಿಲ್ಲ. ಅವರ ಹತ್ತಿರ ಕಲಿಯುತ್ತಿದ್ದ ಒಬ್ಬ ತರುಣಿ ಡಾಕ್ಟರು ಆಪರೇಷನ್ ಮಾಡುವುದಿತ್ತು. ಯೂಪ್ ರೋಗಿಯ ಎದುರು ಕುರ್ಚಿ ಎಳೆದು ಕೂತು, ಈ ಡಾಕ್ಟರಿಗೆ ಇದು ನಾಲ್ಕನೆಯದು, ನಾನು ಪಕ್ಕದಲ್ಲೇ ಇರುತ್ತೇನೆ, ಹೊಸಬರ ಕೈಯಲ್ಲಿ ಕಳಚುವುದು ಹೆಚ್ಚು, ಒಪ್ಪಿಗೆ ಇಲ್ಲದಿದ್ದರೆ ನಾನೇ ಮಾಡುತ್ತೇನೆ ಎಂದರು. ಆತ ಹತ್ತು ಪ್ರಶ್ನೆ ಕೇಳಿ, ಹೆಂಡತಿಯ ಮುಖ ನೋಡಿ, ಇಲ್ಲ, ನೀವೇ ಮಾಡಿ ಎಂದ. ಆ ಹುಡುಗಿ ಸರಿ ಎಂದು ತಲೆಯಾಡಿಸಿ ಕಾಫಿ ತರಲು ಹೋದಳು. ನನಗೆ ಅವಳ ಪರವಾಗಿ ಅವಮಾನವಾಯಿತು. ಹುಲಿಗೆಮ್ಮನ ಹತ್ತಿರ ನಾವು ಫಾರಂ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದೆವು. ಎಷ್ಟನೆಯದು ಅನ್ನುವ ಮಾತು ಫಾರಮ್ಮಿನಲ್ಲಿ ಇರಲಿಲ್ಲ.

ಎರಡನೇ ವಾರ, ವಾರ್ಡು

ಕೇಸ್ ಎಂಬ ಹೆಸರಿನ, ಎಂಬತ್ತು ವರ್ಷದ ಹೈನುಗಾರ ಅಜ್ಜನಿಗೆ ಹಿಂದಿನ ದಿನ ಕಸಿಯಾಗಿತ್ತು. ಅಂದು ಆತನ ಹುಟ್ಟುಹಬ್ಬವಂತೆ. ಅವರಲ್ಲಿ ಒಂದು ಪದ್ಧತಿ ಇದೆ, ಹುಟ್ಟುಹಬ್ಬ ಇದ್ದವನಿಗಷ್ಟೇ ಶುಭಾಶಯ ಹೇಳುವುದಿಲ್ಲ, ಕೋಣೆಯಲ್ಲಿ ಇದ್ದವರೆಲ್ಲರಿಗೂ ಹೇಳುತ್ತಾರೆ. ಮಗಳಿಗೆ ಅಪ್ಪ ಹುಟ್ಟಿದ್ದಕ್ಕೆ ಅಭಿನಂದನೆ, ಅಳಿಯನಿಗೆ ಮಾವ ಹುಟ್ಟಿದ್ದಕ್ಕೆ. ಸುತ್ತು ಬರುತ್ತಾ ನನ್ನ ಕೈಯನ್ನೂ ಹಿಡಿದು ಕುಲುಕಿದರು. ನಾನೂ ಎಲ್ಲರ ಕೈ ಕುಲುಕಿದೆ. ನಡುವೆ ಕೇಸ್ ಅಂಗಾತ ಮಲಗಿ ಛಾವಣಿ ನೋಡುತ್ತಿದ್ದ. ಹೆಂಡತಿ ಬಾಯಿಗೆ ಕೇಕಿನ ತುಣುಕು ಇಡುತ್ತಿದ್ದಳು, ಮೊಮ್ಮಗಳು ಸ್ಟ್ರಾದಲ್ಲಿ ಕಾಫಿ ಕುಡಿಸುತ್ತಿದ್ದಳು.

ಯೂಪ್ ಒಳಗೆ ಬಂದರು. ಆತ ಮಿಸುಕಲಿಲ್ಲ. ಕಾಣದ ಕಡೆಗೆ ಎರಡು ಬೆರಳು ಎತ್ತಿ, ಯಾರು, ಯೂಪಾ, ಕೇಕು ತಿನ್ನು ಎಂದ. ನನ್ನ ಪರಿಚಯ ಮಾಡಿಸಿದರು, ಭಾರತದಿಂದ ಬಂದ ಡಾಕ್ಟರು ಎಂದು. ಆಗಲೂ ಅಷ್ಟೇ, ಎರಡು ಬೆರಳು. ನಿಜ ಹೇಳುತ್ತೇನೆ, ನನಗೆ ಸಿಟ್ಟು ಬಂತು. ದೊಡ್ಡ ಡಾಕ್ಟರು ಎದುರಿಗೆ ನಿಂತಿದ್ದಾರೆ, ಈ ಮನುಷ್ಯ ಸತ್ತ ಮೀನಿನ ಹಾಗೆ ಬಿದ್ದುಕೊಂಡಿದ್ದಾನಲ್ಲ, ತಲೆಯನ್ನಾದರೂ ಎತ್ತಬಾರದೇ ಎಂದುಕೊಂಡೆ.

ತಲೆ ಎತ್ತಬಾರದು. ಅದಕ್ಕೇ ತಾನೆ ಅವನನ್ನು ಮಲಗಿಸಿದ್ದು.

ಹೊರಗೆ ಬಂದು ಸಿಂಧನೂರಿಗೆ ಫೋನ್ ಮಾಡಿದೆ. ನಮ್ಮ ವಾರ್ಡು ನೋಡಿಕೊಳ್ಳುವ ಶಾಂತಾ ಸಿಸ್ಟರ್ ಎತ್ತಿಕೊಂಡರು. ಹುಲಿಗೆಮ್ಮ ಆ ಮೂರು ದಿನ ಸರಿಯಾಗಿ ಮಲಗಿದ್ದಳೇ ಎಂದು ಕೇಳಿದೆ. ಬಹಳ ಚೆನ್ನಾಗಿ ಮಲಗಿದ್ದಳು, ಊಟಕ್ಕೂ ಏಳಲಿಲ್ಲ, ಮಗಳು ಬಂದರೂ ಏಳಲಿಲ್ಲ ಎಂದರು. ನಾನು ಬಂದಾಗಲೋ ಎಂದು ಕೇಳಿದೆ.

"ನೀವು ಬಂದ್ರ ಮಲಗೇ ಇರ್ತಾರೇನ್ರಿ ಮೇಡಂ? ಎಲ್ಲಾರೂ ಏಳ್ತಾರ. ಆಕಿ ಅಂತೂ ಕಣ್ಣಿಗೆ ಪಟ್ಟಿ ಇದ್ರೂ ನಿಮ್ಮ ಚಪ್ಪಲಿ ಸಪ್ಪಳ ಕೇಳಿ ಎದ್ದು ಕುಂದರ್ತಿದ್ದಳು. ಬಗ್ಗಿ ಕೈ ಮುಗೀತಿದ್ದಳು. ನೀವು ಮಲ್ಕೋ ಅಂದಮ್ಯಾಲ ಮಲಗ್ತಿದ್ದಳು."

ಇದು ನನಗೆ ಹೊಸ ಸುದ್ದಿಯೇನಲ್ಲ. ನಾನೇ ಕಣ್ಣಾರೆ ಕಂಡಿದ್ದೆ. ಮಲಗವ್ವ, ಮಲಗು ಎಂದು ಪ್ರತಿ ಸಲವೂ ಹೇಳಿದ್ದೆ. ಹೇಳುವಾಗ ಒಳಗೊಳಗೇ ಹಿತವಾಗಿತ್ತು ಎಂದೂ ಈಗ ಒಪ್ಪಿಕೊಳ್ಳಬೇಕು. ಹುಲಿಗೆಮ್ಮನ ಕಣ್ಣಿನ ಬಗ್ಗೆ ನನಗೆ ಚಿಂತೆ ಹೆಚ್ಚಿತ್ತು, ಹಾಗಾಗಿ ಬೇರೆಯವರ ಹತ್ತಿರ ದಿನಕ್ಕೆ ಎರಡು ಸಲ ಹೋದರೆ ಆಕೆಯ ಹತ್ತಿರ ಆರು ಸಲ ಹೋಗುತ್ತಿದ್ದೆ. ಆರು ಸಲವೂ ಆಕೆ ಎದ್ದಳು. ತುರ್ವಿಹಾಳದ ಒಬ್ಬ ಕೂಲಿಯವನದು ಚೆನ್ನಾಗಿ ಅಂಟಿತ್ತು. ಆ ಮೂರು ದಿನ ನಾನು ಹಟ್ಟಿ ಎಂಬ ಊರಿನಲ್ಲಿ ಕಣ್ಣು ತಪಾಸಣೆಯ ಕ್ಯಾಂಪಿಗೆ ಹೋಗಿದ್ದೆ.

ಆಸ್ಪತ್ರೆಯ ಹಿಂದೆ ಸೈಕಲ್ಲು ನಿಲ್ಲಿಸುವ ಜಾಗದಲ್ಲಿ ಕೂತು ಅತ್ತೆ. ಒಬ್ಬ ಹೆಂಗಸು ಸೈಕಲ್ಲು ತೆಗೆಯಲು ಬಂದು, ನನ್ನ ಪಕ್ಕದಲ್ಲಿ ಐದು ನಿಮಿಷ ಸುಮ್ಮನೆ ನಿಂತು, ಕಾಗದದ ಕರವಸ್ತ್ರ ಕೊಟ್ಟು ಹೋದಳು. ಏನಾಯಿತು ಎಂದು ಕೇಳಲಿಲ್ಲ. ನಮ್ಮಲ್ಲಾಗಿದ್ದರೆ ಇಷ್ಟೊತ್ತಿಗೆ ಹತ್ತು ಮಂದಿ ಸೇರಿ ನನ್ನ ಕುಲಗೋತ್ರ ತಿಳಿದುಕೊಂಡಿರುತ್ತಿದ್ದರು. ಆ ಹೊತ್ತಿಗೆ ನನಗೆ ಆ ಹತ್ತು ಮಂದಿ ಬೇಕಾಗಿದ್ದರು.

ಕೊನೆಯ ಶುಕ್ರವಾರ

ಯೂಪ್ ಅವರಿಗೆ ಇದನ್ನೆಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ದನಿ ಹಗುರಾಗಿದ್ದು ನನಗೇ ಕೇಳಿಸಿತು. ಕಾರಣ ಸಿಕ್ಕಿತ್ತು, ಅದು ನನ್ನ ಬೆರಳುಗಳಲ್ಲಿ ಇರಲಿಲ್ಲ. ಅವರು ಪೂರ್ತಿ ಕೇಳಿ, ಬಿಸ್ಕತ್ತಿನ ಡಬ್ಬಿಯಿಂದ ಒಂದು ಬಿಸ್ಕತ್ತು ಕೊಟ್ಟು, ಡಬ್ಬಿ ಮುಚ್ಚಿದರು. ಅಲ್ಲಿ ಒಬ್ಬರಿಗೆ ಒಂದೇ ಬಿಸ್ಕತ್ತು.

"ಏಳುವುದರಿಂದ ಕಳಚಬಹುದು, ನಿಜ. ಆದರೆ ವಿಡಿಯೋ ನಾನೂ ನೋಡಿದ್ದೇನೆ. ಆಕೆ ಅಲುಗದೆ ಮಲಗಿದ್ದರೂ ಆ ಕಣ್ಣು ಉಳಿಯುತ್ತಿತ್ತು ಎಂದು ನಾನು ಹೇಳಲಾರೆ. ನಿನಗೆ ಅದು ಪೂರ್ತಿ ಆಕೆಯ ನಮಸ್ಕಾರದ ತಪ್ಪಾಗಿರಲಿ ಎಂಬ ಆಸೆ ಇದೆ. ಹುಷಾರು."

ಬಿಸ್ಕತ್ತನ್ನು ಅಲ್ಲೇ ಮೇಜಿನ ಮೇಲಿಟ್ಟು ಎದ್ದು ಬಂದೆ. ಆ ಮನುಷ್ಯನ ಮೇಲೆ ಒಂದು ದಿನ ಪೂರ್ತಿ ಮುನಿಸಿಕೊಂಡಿದ್ದೆ. ಅದು ಅವರ ಗಮನಕ್ಕೂ ಬರಲಿಲ್ಲ. ಹೊರಡುವ ದಿನ ಸ್ಟೇಷನ್ನಿಗೆ ಸೈಕಲ್ಲಿನಲ್ಲಿ ಬಂದು, ನನ್ನ ಸೂಟ್‌ಕೇಸನ್ನು ತಾವೇ ರೈಲಿಗೆ ಎತ್ತಿಟ್ಟರು. ಮೂಸಿ ನೋಡಿ, ಇನ್ನೂ ಇದೆ ಎಂದರು. ಅಷ್ಟೇ, ಕೈ ಬೀಸಲು ಕೂಡ ನಿಲ್ಲಲಿಲ್ಲ.

ಮಸ್ಕಿ

ಬಂದ ಮೂರನೇ ದಿನ ಸಿಂಧನೂರಿಗೆ ಹೋಗುವಾಗ ಮಸ್ಕಿಯಲ್ಲಿ ಇಳಿದೆ. ಇನ್ನೂ ನಿದ್ದೆ ಸರಿಹೋಗಿರಲಿಲ್ಲ, ಮೈಯೆಲ್ಲ ಹೊಡೆದು ಹಾಕಿದ ಹಾಗಿತ್ತು. ಹುಲಿಗೆಮ್ಮ ಒಲೆಯ ಮುಂದೆ ಕೂತು ಎಡಗಣ್ಣು ಹಂಚಿಗೆ ತಾಗುವಷ್ಟು ಬಗ್ಗಿ ರೊಟ್ಟಿ ತಿರುವುತ್ತಿದ್ದಳು. ನನ್ನ ದನಿ ಕೇಳಿ ದಡಬಡಿಸಿ ಎದ್ದಳು.

"ತಪ್ಪಾತ್ರಿ ಅವ್ವಾರ. ನೀವು ಚೊಲೊ ಮಾಡಿದ್ರಿ, ನಾ ಎದ್ದು ಎದ್ದು ಕೆಡಿಸಿಕೊಂಡೆ. ಸಿಸ್ಟರಮ್ಮ ಎಲ್ಲಾ ಹೇಳ್ಯಾಳ."

ನಾನು ಫೋನಿನಲ್ಲಿ ಕೇಳಿದ್ದು ನನಗಿಂತ ಮೊದಲು ಮಸ್ಕಿ ತಲುಪಿತ್ತು. ಕಣ್ಣು ಕಳೆದುಕೊಂಡವಳು ನನ್ನ ಮುಂದೆ ಹಿಟ್ಟಿನ ಕೈ ಜೋಡಿಸಿ ನಿಂತು ಕ್ಷಮೆ ಕೇಳುತ್ತಿದ್ದಳು. ಆ ಗಳಿಗೆಯಲ್ಲಿ ನಾನು ಏನೂ ಮಾಡಬೇಕಾಗಿರಲಿಲ್ಲ, ಸುಮ್ಮನೆ ಇದ್ದಿದ್ದರೆ ಸಾಕಿತ್ತು. ಹಾಗೇ ಇದ್ದುಬಿಡೋಣ ಎಂದು ನನ್ನ ಮನಸ್ಸಿಗೆ ಬಂತು. ನಾಚಿಕೆಯಾಗುತ್ತದೆ, ಆದರೂ ಬಂತು.

ಆಮೇಲೆ ಆಕೆಯನ್ನು ಕೂರಿಸಿ, ನಾನೂ ಜೋಳದ ಚೀಲದ ಮೇಲೆ ಕೂತು ಹೇಳಿದೆ. "ತಪ್ಪು ನಿಂದಲ್ಲ ಹುಲಿಗೆಮ್ಮ. ಯಾಕ ಏಳಬಾರದು ಅಂತ ನಿನಗ ತಿಳಿಯೋ ಹಂಗ ನಾನ ಹೇಳಿರ್ಲಿಲ್ಲ. ಮತ್ತ ಆ ಆಪರೇಷನ್ ನಾ ಆಗಿನ್ನೂ ಕಲಿಯಾಕತ್ತಿದ್ದೆ. ನಿಂದು ಐದನೇ ಕಣ್ಣು. ನನ್ನ ಕೈ ಪಳಗಿರ್ಲಿಲ್ಲ."

ಹಂಚಿನ ಮೇಲಿನ ರೊಟ್ಟಿ ಕರಕಾಗುವ ವಾಸನೆ ಬಂತು, ಆಕೆ ತೆಗೆದು ಪಕ್ಕಕ್ಕಿಟ್ಟಳು. ಹಿಂದಿನ ನಾಲ್ಕು ಹೇಗಾಗಿದ್ದವು ಎಂದು ಕೇಳಿದಳು. ಎರಡು ಅಂಟಿದ್ದವು, ಎರಡು ಇಲ್ಲ ಎಂದೆ. ಅವರಿಗೆ ಇದನ್ನು ಹೇಳಿದ್ದಿರೇನು ಎಂದಳು. ಇಲ್ಲ ಎಂದೆ. ಎಡಗಣ್ಣಿಗೆ ಎರಡು ದಾರಿ ಇವೆ ಎಂದು ಎರಡನ್ನೂ ಬಿಡಿಸಿ ಹೇಳಿದೆ. ಹೊಸದು ಈಗ ಮೊದಲಿಗಿಂತ ಚೆನ್ನಾಗಿ ಬರುತ್ತದೆ, ಆದರೆ ಭರವಸೆ ಕೊಡಲಾರೆ, ಹಳೆಯದು ನೂರಾರು ಮಾಡಿದ್ದೇನೆ, ವರ್ಷ ಹಿಡಿಯುತ್ತದೆ, ನೋಟ ಅಷ್ಟು ಚೊಕ್ಕ ಬರಲಿಕ್ಕಿಲ್ಲ ಎಂದೆ.

"ಮೊದಲ ಹೇಳಿದ್ರ ನಾ ಹೂಂ ಅಂತಿದ್ದೆನೋ ಏನೋ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. "ಯಾರದರೆ ಕಣ್ಣಿನ ಮ್ಯಾಲ ಕಲೀಬೇಕಲ್ರಿ ನೀವಾದ್ರೂ. ಆದ್ರ ನೀವು ನನ್ನ ಕೇಳ್ಲೇ ಇಲ್ಲ ನೋಡ್ರಿ."

ಇನ್ನೊಂದು ಹಿಡಿ ಹಿಟ್ಟು ತೆಗೆದುಕೊಂಡು, "ಇದಕ್ಕ ನಿಮ್ಮ ಕೈಗೆ ರೂಢಿ ಇದ್ದದ್ದನ್ನ ಮಾಡ್ರಿ. ವರ್ಷ ಹಿಡದ್ರ ಹಿಡೀಲಿ" ಎಂದಳು.

ಹೀಗೆ ಅಷ್ಟು ದೂರ ಹೋಗಿ ಕಲಿತು ಬಂದದ್ದನ್ನು ಯಾರಿಗಾಗಿ ಕಲಿತೆನೋ ಅವಳಿಗೆ ಮಾಡಲಿಲ್ಲ. ಬೇರೆಯವರಿಗೆ ಮಾಡುತ್ತಿದ್ದೇನೆ. ಎಷ್ಟನೆಯದು ಎಂದು ಮೊದಲೇ ಹೇಳುತ್ತೇನೆ. ಕೆಲವರು ಎದ್ದು ರಾಯಚೂರಿಗೋ ಹೈದರಾಬಾದಿಗೋ ಹೋಗುತ್ತಾರೆ, ಹೋಗಲಿ. ಉಳಿದವರಲ್ಲಿ ಈಚೆಗೆ ಹೆಚ್ಚಿನವು ಅಂಟುತ್ತಿವೆ. ವಾರ್ಡಿಗೆ ಚಪ್ಪಲಿ ಹೊರಗೆ ಬಿಟ್ಟು, ಸಪ್ಪಳವಿಲ್ಲದೆ, ಎರಡೇ ಸಲ ಹೋಗುತ್ತೇನೆ. ಬಾಗಿಲಲ್ಲಿ ಶಾಂತಾ ಸಿಸ್ಟರ್ ಮೊದಲೇ ನಿಂತು, ಯಾರಾದರೂ ತಲೆ ಎತ್ತಿದರೆ ಬೈಯುತ್ತಾರೆ.

ಹುಲಿಗೆಮ್ಮನ ಎಡಗಣ್ಣಿಗೆ ದಾನದ ಕಾರ್ನಿಯಾ ಬರಲು ಆರು ವಾರ ಹಿಡಿಯಿತು. ಟೇಬಲ್ಲಿನ ಮೇಲೆ ಮಲಗಿಸಿದ್ದರು. ಕಣ್ಣು ಮರಗಟ್ಟಿಸುವ ಸೂಜಿ ಕೈಯಲ್ಲಿತ್ತು, ಹೆಬ್ಬೆಟ್ಟಿನ ಫಾರಂ ಆಗಿಹೋಗಿತ್ತು. ಆದರೂ ಬಗ್ಗಿ, "ಹುಲಿಗೆಮ್ಮ, ಮಾಡ್ಲೇನು?" ಎಂದು ಕೇಳಿದೆ. ಆಕೆ ತಟ್ಟನೆ ಏನೂ ಹೇಳಲಿಲ್ಲ. ಶಾಂತಾ ಸಿಸ್ಟರ್ ನನ್ನ ಮುಖ ನೋಡಿದರು. ಗಡಿಯಾರ ನೋಡಿದರು. ನಾನು ಸೂಜಿ ಕೆಳಗಿಟ್ಟು ಕಾದೆ. ಬೇಡ ಅಂದರೆ ಇಲ್ಲಿಗೇ ನಿಲ್ಲಿಸಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

"ಹೂಂ. ಈಗ ಮಾಡ್ರಿ" ಎಂದಳು.